ಬಾಗಿಲಿಗೆ ಎದುರಾದ ಕುರ್ಚಿ

ನಮ್ಮ ಶಾಂಡೊಂಗ್ ಗಂಡಸರ ಜೊತೆ ಜಗಳವಾಡುವುದು ಸುಲಭ, ಅವರನ್ನು ಊಟಕ್ಕೆ ಕೂರಿಸುವುದೇ ಕಷ್ಟ. ಜಗಳದಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ಯಾರೂ ಕೇಳುವುದಿಲ್ಲ. ಮೇಜಿನ ಹತ್ತಿರ ಬಂದರೆ ಮಾತ್ರ "ನೀವು ಮೇಲೆ ಕೂತ್ಕೊಳ್ಳಿ", "ಅಯ್ಯೋ, ಸಾಧ್ಯಾನೇ ಇಲ್ಲ, ನೀವೇ" ಎಂದು ತೋಳು ಹಿಡಿದು ಎಳೆದಾಡಿ, ಒಬ್ಬನ ಕೋಟಿನ ಗುಂಡಿ ಕಿತ್ತು ಬರುವ ಹೊತ್ತಿಗೆ ನಾವು ಬೇಯಿಸಿಟ್ಟ ಕೋಳಿ ತಣ್ಣಗಾಗಿರುತ್ತದೆ. ಅಷ್ಟೆಲ್ಲ ಎಳೆದಾಟವಾದರೂ ಯಾರು ಎಲ್ಲಿ ಕೂರುತ್ತಾರೆ ಎಂಬುದು ಮೊದಲೇ ಎಲ್ಲರಿಗೂ ಗೊತ್ತು. ಬಾಗಿಲಿಗೆ ಎದುರಾದ ಕುರ್ಚಿ ಮೇಜಿನ ಯಜಮಾನನದು. ಅವನು ಬಟ್ಟಲು ಎತ್ತುವ ತನಕ ಯಾರೂ ಎತ್ತುವಂತಿಲ್ಲ, ಅವನು ಎತ್ತಿದ ಮೇಲೆ ಯಾರೂ ಸುಮ್ಮನಿರುವಂತಿಲ್ಲ. ಅವನ ಬಲಗಡೆ ದೊಡ್ಡ ಅತಿಥಿ. ಬಾಗಿಲಿಗೆ ಬೆನ್ನು ಹಾಕಿ ಕೂರುವವನು ಎರಡನೇ ಯಜಮಾನ, ಮೇಲಿನವನಿಗೆ ದಣಿವಾದಾಗ ಕುಡಿಸುವ ಕೆಲಸ ಮುಂದುವರಿಸುವವನು. ಹೆಂಗಸರು ಅಡುಗೆಮನೆಯಲ್ಲಿ. ಗಂಡಸರು ಎದ್ದ ಮೇಲೆ ಉಳಿದದ್ದನ್ನು ಬಿಸಿ ಮಾಡಿಕೊಂಡು ನಾವು ಉಣ್ಣುತ್ತೇವೆ. ನಿಜ ಹೇಳಬೇಕೆಂದರೆ ನಗು ಇರುವುದೂ ಅಲ್ಲೇ.

ನಮ್ಮ ಲುವಾನ್ ಮನೆತನದಲ್ಲಿ ಆ ಕುರ್ಚಿ ನನ್ನ ಭಾವ ಶೌತಿಂಗ್ ಅವರದು. ನನ್ನ ಗಂಡನಿಗೆ ಅಣ್ಣ. ಊರಿಗೆಲ್ಲ ಅವರು ನಡುವಣ್ಣ. ನಮ್ಮ ಕಡೆ ದಾರಿಯಲ್ಲಿ ಸಿಕ್ಕ ಅಪರಿಚಿತನನ್ನೂ ನಡುವಣ್ಣ ಎಂದೇ ಕರೆಯುವುದು, ದೊಡ್ಡಣ್ಣ ಎಂದರೆ ಬೈದ ಹಾಗೆ ಕೇಳಿಸುತ್ತದೆ; ಹಳೆಯ ಕಥೆಯಲ್ಲಿ ಹುಲಿ ಕೊಂದ ವೀರ ನಡುವಣ್ಣ, ಹೆಂಡತಿಯಿಂದ ಮೋಸ ಹೋದ ಕುಳ್ಳ ದೊಡ್ಡಣ್ಣ. ಆದರೆ ಊರಿನಲ್ಲಿ ಯಾರಾದರೂ ಬರೀ 'ನಡುವಣ್ಣ' ಎಂದರೆ ಅದು ಭಾವನೇ. ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದಷ್ಟು ಎತ್ತರ. ಒಂದು ಕೈಯಲ್ಲಿ ರೊಟ್ಟಿಸುರುಳಿ, ಇನ್ನೊಂದರಲ್ಲಿ ಹಸಿ ಈರುಳ್ಳಿ ಹಿಡಿದು ಅವರು ತಿನ್ನುತ್ತಿದ್ದರೆ ಆ ಕರಕರ ಸದ್ದು ಪಕ್ಕದ ಮನೆಗೆ ಕೇಳುತ್ತಿತ್ತು. ಪಕ್ಕದ ಮುದುಕಿ ಚಳಿಗಾಲದಲ್ಲಿ ಸತ್ತಾಗ ನೆಲ ಕಲ್ಲಾಗಿತ್ತು. ಅಗೆಯಲು ಯಾರೂ ಬರಲಿಲ್ಲ. ಭಾವ ಒಬ್ಬರೇ ಅಂಗೈ ಸಿಪ್ಪೆ ಏಳುವ ತನಕ ಗುಂಡಿ ತೋಡಿ, ಕೈಗೆ ಬಟ್ಟೆ ಸುತ್ತಿಕೊಂಡು ಮನೆಗೆ ಬಂದು, ಸಾರಿಗೆ ಉಪ್ಪು ಕಡಿಮೆ ಎಂದು ಹೆಂಡತಿಗೆ ಬೈದರು. ಹೆಂಡತಿಯೊಂದಿಗೆ ಅವರು ಮೆತ್ತಗೆ ಒಂದು ಮಾತಾಡಿದ್ದನ್ನು ನಾನಂತೂ ಕೇಳಿಲ್ಲ.

ಆ ಹೆಂಡತಿ ಸುಯಿಂಗ್, ನನಗೆ ಅಕ್ಕ. ವಾರಗಿತ್ತಿಯಾಗಿ ಸಿಕ್ಕವಳು ಒಡಹುಟ್ಟಿದವಳಿಗಿಂತ ಹೆಚ್ಚಾದಳು.

ಕಡಲೆಕಾಯಿ ಕೀಳುವ ದಿನಗಳಲ್ಲಿ ಭಾವ ಹೊಲದಲ್ಲೇ ರಕ್ತ ವಾಂತಿ ಮಾಡಿಕೊಂಡರು. ಮಣ್ಣು ಎಳೆದು ಮುಚ್ಚಿದರಂತೆ. ಅಕ್ಕ ನೋಡಿಬಿಟ್ಟಳು. ತನ್ನ ಹೊಟ್ಟೆನೋವೆಂದು ಸುಳ್ಳು ಹೇಳಿ, ಜೊತೆಗೆ ಬನ್ನಿ ಎಂದು ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ ಅಲ್ಲಿ ಅವರನ್ನೇ ಮಲಗಿಸಿದಳು. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ, ಮುಲಾಜಿಲ್ಲದೆ ಹೇಳಿದಳಂತೆ: "ಲಿವರ್ ಕಲ್ಲಾಗಿದೆ. ಅನ್ನನಾಳದ ಒಳಗೆ ರಕ್ತನಾಳಗಳು ಉಬ್ಬಿ ನಿಂತಿವೆ. ಇನ್ನೊಂದು ಸಲ ಹೊಟ್ಟೆ ತುಂಬ ಸಾರಾಯಿ ಕುಡಿದ್ರೆ ಒಡೆಯುತ್ತೆ. ಒಡೆದ್ರೆ ಇಲ್ಲಿ ತನಕ ಬರೋಷ್ಟು ಹೊತ್ತೂ ಸಿಗಲ್ಲ."

ಬಸ್ಸಿನಲ್ಲಿ ವಾಪಸು ಬರುವಾಗ ಭಾವ ಆಡಿದ್ದು ಒಂದೇ ಮಾತು. "ಯಾರ ಹತ್ರ ಆದ್ರೂ ಬಾಯಿ ಬಿಟ್ಯೋ, ಕಾಲು ಮುರೀತೀನಿ."

ಅಕ್ಕ ನನ್ನ ಹತ್ತಿರ ಬಾಯಿ ಬಿಟ್ಟಳು. ಇಬ್ಬರೂ ಒಲೆಯ ಮುಂದೆ ಕೂತು ಯೋಚಿಸಿದೆವು. ಕಾಯಿಲೆ ಎಂದು ಹೇಳಿಬಿಟ್ಟರಾಗದೇ ಎಂದು ನೀವು ಕೇಳಬಹುದು. ನಮ್ಮ ಮೇಜಿನಲ್ಲಿ ಎಲ್ಲರಿಗೂ ಕಾಯಿಲೆಯೇ. ಒಬ್ಬನಿಗೆ ಹುಣ್ಣು, ಒಬ್ಬನಿಗೆ ಬಿ.ಪಿ., ಇನ್ನೊಬ್ಬ ಬೆಳಿಗ್ಗೆ ತಾನೇ ಮಾತ್ರೆ ನುಂಗಿದ್ದಾನೆ. ಕುಡಿಯದಿರಲು ಹೇಳುವ ಮಾತು ಅದು, ಹೇಳಿದಷ್ಟೂ ಹೆಚ್ಚು ಸುರಿಯುತ್ತಾರೆ. ಅಕಸ್ಮಾತ್ ನಂಬಿದರೆ ಇನ್ನೂ ಕೆಟ್ಟದ್ದು. ಲಿವರ್ ಕಾಯಿಲೆ ಎಂದರೆ ಅಂಟುರೋಗವೆಂದು ಜನ ಬಟ್ಟಲು ಬೇರೆ ಇಡುತ್ತಾರೆ, ಆ ಮನೆಗೆ ಹೆಣ್ಣು ಕೊಡುವುದಿಲ್ಲ. ನನ್ನ ಮಗನಿಗೆ ಆಗ ಗಾಯ್ ಮನೆತನದ ಹುಡುಗಿಯ ಜೊತೆ ಮದುವೆ ಮಾತು ನಡೆಯುತ್ತಿತ್ತು. ಕುರ್ಚಿ ಬಿಟ್ಟುಕೊಡಿ ಎಂದು ಭಾವನಿಗೆ ಹೇಳುವ ಗಂಡೆದೆ ಇಬ್ಬರಲ್ಲಿ ಯಾರಿಗೂ ಇರಲಿಲ್ಲ.

ಉಪಾಯ ಹೊಳೆದದ್ದು ಅಕ್ಕನಿಗೆ. ಈಗಿನ ಊಟಗಳಲ್ಲಿ ಪ್ರತಿಯೊಬ್ಬರ ಮುಂದೆಯೂ ಒಂದೊಂದು ಪುಟ್ಟ ಗಾಜಿನ ಜಗ್ಗು, ಪಕ್ಕದಲ್ಲಿ ಹೆಬ್ಬೆರಳು ಗಾತ್ರದ ಬಟ್ಟಲು. ಜೋಳದ ಸಾರಾಯಿ ನೀರಿನ ಹಾಗೇ ತಿಳಿ. ಜಗ್ಗು ತುಂಬಿಸುವವರು ನಾವು. ಭಾವನ ಜಗ್ಗಿಗೆ ಕಾಯಿಸಿ ಆರಿಸಿದ ನೀರು ಹಾಕಿ, ಅಂಚಿಗೆ ಮಾತ್ರ ಬೆರಳಿನಲ್ಲಿ ಸಾರಾಯಿ ಸವರಿದರಾಯಿತು.

"ಅವರು ಒಪ್ತಾರಾ ಅಕ್ಕ?"

"ಕೇಳ್ದೋರು ಯಾರು? ಇಡೋದು. ಮೊದಲ ಗುಟುಕು ಕುಡಿದು ಎದ್ದು ಬಂದು ಒದ್ರೆ ಒಪ್ಲಿಲ್ಲ ಅಂತ."

ಮುಂದಿನ ಊಟದಲ್ಲಿ ಹಾಗೇ ಮಾಡಿದೆವು. ಎದ್ದು ಬರಲಿಲ್ಲ. ಮೊದಲ ಗುಟುಕಿಗೆ ಭಾವನ ಹುಬ್ಬು ಮೇಲೆ ಹೋದದ್ದನ್ನು ಅಡುಗೆಮನೆಯ ಪರದೆಯ ಸಂದಿಯಿಂದ ನಾವಿಬ್ಬರೂ ನೋಡಿದೆವು. ಆಮೇಲೆ ಅವರು ಕಣ್ಣು ಮುಚ್ಚಿ, ಮುಖ ಕಿವುಚಿ, "ಹಾ! ಇದು ಸಾರಾಯಿ!" ಎಂದು ಮೇಜು ಬಡಿದರು. ಅಕ್ಕ ಏಪ್ರನ್ ಅಂಚು ಬಾಯಿಗೆ ತುರುಕಿಕೊಂಡಳು. ಎಷ್ಟು ವರ್ಷವಾಗಿತ್ತೋ ಅವಳು ಗಂಡನನ್ನು ನೋಡಿ ಹಾಗೆ ನಕ್ಕು.

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಸೋಲಿಲ್ಲ ಎಂದು ಗೊತ್ತಾದ ಗಂಡಸನ್ನು ನೀವು ನೋಡಬೇಕು.

ಹೊಸ ವರ್ಷದ ಮೂರನೇ ದಿನ ಶೌಬೆನ್‌ನ ಮನೆಯಲ್ಲಿ ಊಟ. ಶೌಬೆನ್ ಭಾವನಿಗೆ ಚಿಕ್ಕಪ್ಪನ ಮಗ, ಬೆಳ್ಳುಳ್ಳಿ ವ್ಯಾಪಾರ. ನಮ್ಮ ಗಂಡಸರ ನಡುವೆ ಕುಳ್ಳ, ಬಾಯಿ ಚುರುಕು, ಸಾರಾಯಿ ಮಾತ್ರ ತಡೆಯದು. ಹೊಸದಾಗಿ ಮದುವೆಯಾದ ಮಗಳು ಪಟ್ಟಣದ ಗಂಡನನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಅಳಿಯ ದೊಡ್ಡ ಅತಿಥಿ. ಮನೆ ಶೌಬೆನ್‌ನದಾದರೂ ಬಾಗಿಲಿಗೆ ಎದುರಾದ ಕುರ್ಚಿ ನಡುವಣ್ಣನದೇ. ಹೆಂಗಸರೆಲ್ಲ ಕೂಡಿ ಅಡುಗೆ ಮಾಡಿದ್ದೆವು, ಜಗ್ಗು ತುಂಬಿಸಿದ್ದು ಅಕ್ಕ.

ಮೀನು ಹೊರಗೆ ಹೋಯಿತು. ಮೀನಿನ ತಲೆ ಯಾರ ಕಡೆಗಿದೆಯೋ ಅವನು ಕುಡಿದ ಮೇಲೇ ಮಿಕ್ಕವರು ಊಟದ ಕಡ್ಡಿ ಹಾಕಬೇಕು. ನಾನು ತಲೆಯನ್ನು ಅಳಿಯನ ಕಡೆಗೇ ಇಟ್ಟು ಬಂದಿದ್ದೆ. ಪರದೆಯ ಹಿಂದೆ ಬರುವಷ್ಟರಲ್ಲಿ ತಟ್ಟೆ ತಿರುಗಿತ್ತು.

"ಶೌಬೆನ್, ಮೀನು ಯಾರ ಕಡೆ ನೋಡ್ತಿದೆ ನೋಡೋ."

"ಅಳಿಯಂದ್ರ ಕಡೆ ಇತ್ತು ನಡುವಣ್ಣ. ನೀನೇ ತಿರುಗ್ಸಿದೆ."

"ನಾನ್ಯಾಕೆ ತಿರುಗಿಸ್ಲಿ? ಅದೇ ತಿರುಗ್ತು. ಸತ್ತ ಮೇಲಾದ್ರೂ ನಿನ್ನ ಮುಖ ನೋಡ್ಬೇಕು ಅನ್ಸಿರ್ಬೇಕು ಪಾಪ. ಎತ್ತು."

"ಆಗ್ಲೇ ಜಾಸ್ತಿ ಆಗಿದೆ ಅಣ್ಣ. ಹೊಟ್ಟೆ ಒಂಥರಾ ಆಗ್ತಿದೆ."

"ಒಂಥರಾ ಆಗ್ತಿದ್ರೆ ಅಡುಗೆಮನೇಗೆ ಹೋಗು. ಏ ಸುಯಿಂಗ್! ಇಲ್ಲೊಬ್ಬಳು ಬರ್ತಿದಾಳೆ, ಏಪ್ರನ್ ಕೊಡು!"

ಮೇಜೇ ನಕ್ಕಿತು. ಅಳಿಯನೂ ನಕ್ಕ. ಶೌಬೆನ್ ಅಳಿಯನನ್ನು ಒಮ್ಮೆ ನೋಡಿ ಬಟ್ಟಲು ಎತ್ತಿದ. ಭಾವನೂ ತಮ್ಮದನ್ನು ಎತ್ತಿ, ಖಾಲಿ ಮಾಡಿ, ತಲೆಕೆಳಗೆ ಹಿಡಿದು ತೋರಿಸಿದರು. "ನನ್ನ ವಯಸ್ಸೇನು, ನಿನ್ನ ವಯಸ್ಸೇನು? ಅಳಿಯಂದ್ರೇ, ನೋಡ್ಕೊಳ್ಳಿ ನಿಮ್ಮ ಮಾವನ ತಾಕತ್ತು. ಮಗಳು ಅಪ್ಪನ್ನ ಹೋಲದೇ ಇದ್ರೆ ಸಾಕು ನಿಮಗೆ."

ಹೀಗೇ ನಡೆಯಿತು. ಕೊನೆಗೆ ಶೌಬೆನ್ ಅಳಿಯನ ಹೊಸ ಬೂಟಿನ ಮೇಲೆಯೇ ವಾಂತಿ ಮಾಡಿಕೊಂಡು ನೆಲಕ್ಕೆ ಜಾರಿದ. ಭಾವ ನನ್ನ ಏಪ್ರನ್ ತರಿಸಿ, ಪ್ರಜ್ಞೆಯಿಲ್ಲದವನಿಗೆ ಕಟ್ಟಿಸಿ, ಕೈಯಲ್ಲಿ ಸೌಟು ಹಿಡಿಸಿ ಫೋಟೋ ತೆಗೆಸಿದರು. ಸಂಜೆಯೊಳಗೆ ಆ ಫೋಟೋ ಮನೆತನದ ಎಲ್ಲರ ಫೋನಿನಲ್ಲಿತ್ತು. ಕೆಳಗೆ ಯಾರೋ "ನಮ್ಮ ಹೊಸ ಸೊಸೆ" ಎಂದು ಬರೆದಿದ್ದರು. ಬೆಳ್ಳುಳ್ಳಿ ಸಂತೆಯಲ್ಲಿ ಕೂಲಿಯವರೂ ಶೌಬೆನ್‌ನನ್ನು "ಸೊಸೆ ಬಂದ್ಲು" ಎಂದೇ ಕರೆಯತೊಡಗಿದರು.

ಅವತ್ತು ಪಾತ್ರೆ ಉಜ್ಜುವಾಗ ಅಕ್ಕ ನಗಲಿಲ್ಲ. "ನೀರು ಕುಡಿದು ಇಷ್ಟು ಮೆರೀಬಾರದು" ಎಂದಳು ಅಷ್ಟೆ.

ಆಮೇಲೊಂದು ದಿನ ಶೌಬೆನ್ ನನಗೆ ದಾರಿಯಲ್ಲಿ ಸಿಕ್ಕ. "ಅತ್ತಿಗೆ, ನಡುವಣ್ಣನಿಗೆ ಎರಡು ಬಟ್ಟಲು ಇಳಿದ್ರೆ ಕಿವಿ ಕೆಂಪಗಾಗ್ತಿತ್ತು ಮೊದ್ಲು. ಅವತ್ತು ಆಗ್ಲೇ ಇಲ್ಲ, ಅಲ್ವಾ?"

"ಚರ್ಮ ದಪ್ಪ ಆಗಿದೆ."

"ಮೂತ್ರಕ್ಕೆ ಮಾತ್ರ ಹಸು ಹಾಗೆ ಹೋಗಿ ಹೋಗಿ ಬರ್ತಿದ್ದ. ಗೋಡೆ ಹಿಂದೆ ಹಿಮ ಎಲ್ಲಾ ಕರಗಿಹೋಗಿತ್ತು." ಅವನು ನಕ್ಕ. ನಾನೂ ನಕ್ಕೆ. ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಗಂಡನಿಗೆ ಹೇಳಿದಳು. ಅವರು, "ಆ ಸೊಸೆಗೆ ಹೆದರ್ಬೇಕಾ ನಾನು?" ಎಂದರಂತೆ.

ಗೋಧಿ ಮೊಣಕಾಲುದ್ದ ಬೆಳೆದಿದ್ದಾಗ ಗಾಯ್ ಮನೆತನದವರು ನನ್ನ ಮಗನ ಮದುವೆ ಮಾತು ಗಟ್ಟಿ ಮಾಡಲು ನಮ್ಮ ಮನೆಗೆ ಬಂದರು. ಹುಡುಗಿ ಅಡುಗೆಮನೆಯಲ್ಲಿ ನಮ್ಮ ಜೊತೆ ಕೂತಿದ್ದಳು, ಒಳ್ಳೆಯ ಹುಡುಗಿ, ಬಂದವಳೇ ಬೆಳ್ಳುಳ್ಳಿ ಸುಲಿಯಲು ಶುರುಮಾಡಿದಳು. ಹೊರಗೆ ಅವಳ ದೊಡ್ಡಪ್ಪ, ಗಾಯ್ ಯೊಂಗ್‌ಹೌ, ಭಾವನ ಬಲಗಡೆ. ಮಾತು ಕಡಿಮೆ, ಬಂಡೆಯಂಥ ಮನುಷ್ಯ. ಮದುವೆ ಆಗುವುದೂ ಬಿಡುವುದೂ ಅವನ ಮಾತಿನ ಮೇಲೆ. ಪಕ್ಕದಲ್ಲಿ ಅವನ ತಮ್ಮಂದಿರು. ಬಾಗಿಲಿಗೆ ಬೆನ್ನು ಹಾಕಿ ಶೌಬೆನ್. ನನ್ನ ಮಗ ಮೂಲೆಯಲ್ಲಿ ನಿಂತು ಎಲ್ಲರಿಗೂ ಚಹಾ ಸುರಿಯುತ್ತಿದ್ದ.

ಭಾವ ಅವತ್ತು ರಾಜನ ಹಾಗೆ ಕೂತಿದ್ದರು. ಬಟ್ಟಲ ಮೇಲೆ ಬಟ್ಟಲು ಎತ್ತಿದರು. ಗಾಯ್ ಒಮ್ಮೆ, "ಬೀಗರು ಗಟ್ಟಿ ಆಸಾಮಿ" ಎಂದ. ಅಂಥವನ ಬಾಯಿಂದ ಅದು ದೊಡ್ಡ ಮಾತು.

ಶೌಬೆನ್ ಎದ್ದು ನಿಂತ. "ಬೀಗರೇ, ಈ ಸಾರಾಯಿ ಎಂಥದ್ದು ಅಂತ ತೋರಿಸ್ಲಾ? ನನ್ನ ಹೆಂಡತಿ ತವರಿನ ಭಟ್ಟಿಯದು." ಜೇಬಿನಿಂದ ಲೈಟರ್ ತೆಗೆದು ಗಾಯ್‌ನ ಬಟ್ಟಲಿಗೆ ಹಿಡಿದ. ನೀಲಿ ಜ್ವಾಲೆ ಎದ್ದಿತು. ಎಲ್ಲರೂ "ಓಹೋ" ಎಂದರು. ಅವನು ಅಂಗೈ ಮುಚ್ಚಿ ಆರಿಸಿ, ಪಕ್ಕದವನ ಬಟ್ಟಲಿಗೆ ಹಚ್ಚಿದ. ಅದೂ ಉರಿಯಿತು. ಅದರ ಪಕ್ಕದ್ದು. ನನ್ನ ಗಂಡನದು. ತನ್ನದು. ಗಂಡಸರು ಮಕ್ಕಳ ಹಾಗೆ "ನಂದು, ನಂದು ಹಚ್ಚು" ಎನ್ನುತ್ತಿದ್ದರು.

ಪರದೆ ಹಿಡಿದಿದ್ದ ಅಕ್ಕನ ಕೈ ನನ್ನ ತೋಳಿಗೆ ಬಂತು. ಉಗುರು ಚರ್ಮದೊಳಗೆ ಇಳಿದದ್ದು ನನಗೆ ಆಮೇಲೆ ಗೊತ್ತಾಯಿತು.

"ಸಾಕೋ, ಮೀನು ಆರ್ತಿದೆ" ಎಂದರು ಭಾವ.

"ನಿನ್ನದೊಂದೇ ಬಾಕಿ ನಡುವಣ್ಣ. ಯಜಮಾನನ ಬಟ್ಟಲು ಎಲ್ಲಕ್ಕಿಂತ ಜೋರಾಗಿ ಉರೀಬೇಕು."

ಲೈಟರ್ ಕ್ಲಿಕ್ ಎಂದಿತು. ಜ್ವಾಲೆ ಬಟ್ಟಲಿನ ಮೇಲೆ ಬಾಗಿತು, ಅಲ್ಲೇ ಆಡಿತು. ಏನೂ ಹತ್ತಲಿಲ್ಲ. ಅವನು ಮತ್ತೆ ಹಚ್ಚಿದ, ಬಹಳ ಹೊತ್ತು ಹಿಡಿದ, ಲೈಟರ್ ಬಿಸಿಯಾಗಿ ಬೆರಳು ಸುಡುವ ತನಕ. ಗಾಯ್ ಕೈ ಚಾಚಿ ಭಾವನ ಬಟ್ಟಲಿಗೆ ಬೆರಳು ಅದ್ದಿ ನಾಲಗೆಗೆ ಇಟ್ಟುಕೊಂಡ.

"ನೀರು."

ಕಡ್ಡಿಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಕೆಳಗಿಟ್ಟು ಎದ್ದ. "ನನ್ನ ತಮ್ಮಂದ್ರು ನಿಮ್ಮ ಪ್ರೀತಿಗೆ ಅಂತ ನಿಜವಾದ್ದು ಕುಡಿದ್ರು. ಹುಡುಗೀನ ಕರೀರಿ. ಹೋಗೋಣ."

ಆಗ ಅಕ್ಕ ಹೊರಗೆ ಹೋದಳು. ಊಟ ನಡೆಯುತ್ತಿರುವಾಗ ಹೆಂಗಸೊಬ್ಬಳು ಕೈಯಲ್ಲಿ ತಟ್ಟೆಯಿಲ್ಲದೆ ಆ ಪರದೆ ದಾಟಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ತಪ್ಪು ನಂದು ಬೀಗರೇ. ಇವರಿಗೆ ಕಾಯಿಲೆ. ಲಿವರ್ ಕೆಟ್ಟಿದೆ. ಕುಡಿದ್ರೆ ಉಳಿಯಲ್ಲ ಅಂತ ಡಾಕ್ಟರ್ ಹೇಳಿದಾರೆ. ನೀರು ಹಾಕಿದ್ದು ನಾನು."

"ನಂಗೂ ಅವತ್ತು ಹೊಟ್ಟೆ ಒಂಥರಾ ಇತ್ತು ಅತ್ತಿಗೆ" ಎಂದ ಶೌಬೆನ್, ನಿಧಾನವಾಗಿ. "ಏಪ್ರನ್ ತಂದಿದೀರಾ?"

ಯಾರೋ ಕಿಸಕ್ಕನೆ ನಕ್ಕರು. ಗಾಯ್ ನಗಲಿಲ್ಲ. "ಲಿವರ್ ಕಾಯಿಲೆನಾ?" ಎಂದು ಕೇಳಿ, ಮೂಲೆಯಲ್ಲಿ ಚಹಾದ ಕೆಟಲ್ ಹಿಡಿದು ನಿಂತಿದ್ದ ನನ್ನ ಮಗನನ್ನು ಮೇಲಿಂದ ಕೆಳಗೆ ನೋಡಿದ. "ಮನೆತನಕ್ಕೇ ಇದೆಯೋ?"

ಭಾವನೂ ನನ್ನ ಮಗನನ್ನು ನೋಡಿದರು. ಆ ನೋಟ ಇನ್ನೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ಎದ್ದು, ಮೇಜು ಸುತ್ತಿ ಬಂದು, ಅಕ್ಕನ ಕೆನ್ನೆಗೆ ಬಾರಿಸಿದರು. ಅವಳು ಪರದೆ ಹಿಡಿದುಕೊಂಡು ಬೀಳದೆ ನಿಂತಳು.

"ಯಾರಿಗ್ರೀ ಕಾಯಿಲೆ? ಇವಳ ತಲೆಗೆ! ಕುಡಿದು ಬಂದು ಬೈತೀನಿ ಅಂತ ನನ್ನ ಜಗ್ಗಿಗೆ ನೀರು ಸುರಿದಿದ್ದಾಳೆ. ನನಗೆ ಗೊತ್ತೇ ಇಲ್ಲ."

"ಗೊತ್ತೇ ಆಗ್ಲಿಲ್ವಾ ನಡುವಣ್ಣ? ನಾಲಗೆಗೂ ಕಾಯಿಲೆನಾ?" ಎಂದ ಶೌಬೆನ್. ಈ ಸಲ ಎಲ್ಲರೂ ನಕ್ಕರು, ನಮ್ಮವರೇ ಹೆಚ್ಚು.

"ಬಾಟ್ಲಿ ತಗೊಂಡು ಬಾ" ಎಂದರು ಭಾವ ಅಕ್ಕನಿಗೆ. "ಬಟ್ಟಲು ಬೇಡ. ಸಾರಿನ ಬೋಗುಣಿ ತಾ. ನೀನೇ ಸುರಿ."

"ಬೇಡ ಅಂದ್ರೆ. ನಿಮ್ಮ ಕಾಲಿಗೆ ಬೀಳ್ತೀನಿ."

"ಸುರಿ ಅಂದೆ."

ಅವಳು ಸುರಿದಳು. ಮೇಜಿನ ಮೇಲೆಲ್ಲ ಚೆಲ್ಲಿತು. ಭಾವ, "ಹಚ್ಚೋ ಶೌಬೆನ್" ಎಂದರು. ಬೋಗುಣಿಯ ತುಂಬ ನೀಲಿ ಬೆಂಕಿ. ಅಂಗೈ ಮುಚ್ಚಿ ಆರಿಸಿ, ಎರಡು ಕೈಯಲ್ಲೂ ಎತ್ತಿ, ಗಂಟಲು ಏರಿಳಿಯುವುದು ಕಾಣುವಂತೆ ಕುಡಿದು, ತಲೆಕೆಳಗೆ ಹಿಡಿದು ತೋರಿಸಿದರು. "ಇನ್ನೊಂದು." ಅದನ್ನೂ ಕುಡಿದರು. ಕಿವಿ ಕೆಂಪಗಾಯಿತು. ಶೌಬೆನ್ ಆ ಕಿವಿಯನ್ನೇ ನೋಡುತ್ತಿದ್ದ. "ಸಾಕು ನಡುವಣ್ಣ" ಎಂದು ಬಾಯಿ ತೆರೆದ. ಭಾವ, "ಸೊಸೆ ಸುಮ್ನಿರ್ಲಿ" ಎಂದರು.

ಗಾಯ್ ಮತ್ತೆ ಕೂತ. ಕಡ್ಡಿ ಎತ್ತಿಕೊಂಡ. "ಹೆಂಗಸಿನ ತಪ್ಪಿಗೆ ಮನೆ ಮೇಲೆ ಸಿಟ್ಟು ಮಾಡ್ಕೋಬಾರದು" ಎಂದ. ಮದುವೆ ಗಟ್ಟಿಯಾಯಿತು.

ಊಟ ಮುಗಿದ ಮೇಲೆ ಭಾವ ಪದ್ಧತಿಯಂತೆ ಅತಿಥಿಗಳನ್ನು ಬೀದಿ ತನಕ ಕಳಿಸಲು ಹೋದರು. ಮುಖ ಸುಣ್ಣದ ಹಾಗಾಗಿತ್ತು. ಬೆನ್ನು ಮಾತ್ರ ನೆಟ್ಟಗೆ. ಕಾರಿನ ಬಾಗಿಲು ತಾವೇ ತೆರೆದರು, ಗಾಯ್‌ನ ತಲೆಗೆ ತಾಗದಂತೆ ಮೇಲೆ ಕೈ ಹಿಡಿದರು, "ಇನ್ನೂ ಸ್ವಲ್ಪ ಹೊತ್ತು ಇರಬಹುದಿತ್ತು ಬೀಗರೇ" ಎಂದು ಮೂರು ನಾಲ್ಕು ಸಲ ಉಪಚಾರ ಹೇಳಿದರು. ಕಾರು ಪಾಪ್ಲರ್ ಮರಗಳ ಹತ್ತಿರ ತಿರುಗುವ ತನಕ ಕೈ ಬೀಸಿದರು. ತಿರುಗಿತು. ಗೋಡೆಗೆ ಕೈಕೊಟ್ಟು ಬಗ್ಗಿದರು. ಗೋಡೆಗೆ ಹೊಸ ವರ್ಷಕ್ಕೆಂದು ಬಳಿದ ಸುಣ್ಣ ಇನ್ನೂ ಬೆಳ್ಳಗಿತ್ತು. ಅಷ್ಟು ರಕ್ತ ಒಬ್ಬ ಮನುಷ್ಯನ ಒಳಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಶೌಬೆನ್‌ನ ಬೆಳ್ಳುಳ್ಳಿ ಗಾಡಿಯಲ್ಲೇ ಹಾಕಿಕೊಂಡು ಹೊರಟೆವು. ಡಾಕ್ಟರ್ ಹುಡುಗಿ ಹೇಳಿದ್ದು ಸರಿ, ಅಲ್ಲಿ ತನಕ ಹೋಗುವಷ್ಟು ಹೊತ್ತು ಸಿಗಲಿಲ್ಲ. ಅಕ್ಕನ ಮಡಿಲಲ್ಲಿ ತಲೆ ಇತ್ತು. ಕೊನೆಗೆ ಅವರು ಕೇಳಿದ್ದು, "ಕಾರು ತಿರುಗ್ತಾ?"

ಊರು ಭಾವನನ್ನು ಹೊಗಳಿತು. ಅತಿಥಿಯ ಕಾರು ಕಣ್ಮರೆಯಾಗುವ ತನಕ ರಕ್ತ ತಡೆದು ನಿಂತವನು ಎಂದು ಸಂತೆಯಲ್ಲಿ, ಹೊಲದಲ್ಲಿ ಹೇಳಿ ಹೇಳಿ ಕಣ್ಣೊರೆಸಿಕೊಂಡರು. ಅದೇ ಬಾಯಲ್ಲಿ, ನೀರು ಸುರಿದು ಗಂಡನ ಮಾನ ತೆಗೆದವಳು ಎಂದು ಅಕ್ಕನಿಗೆ ಶಾಪ ಹಾಕಿದರು. ಆ ಅತ್ತಿಗೆ ಸುಮ್ಮನಿದ್ದಿದ್ದರೆ ಅಣ್ಣ ಇಷ್ಟು ಕುಡಿಯಬೇಕಾಗಿತ್ತೇ ಎಂದು ನನ್ನ ಗಂಡನೇ ನನ್ನೆದುರು ಹೇಳಿದ. ಲೈಟರ್ ಮಾತು ಯಾರೂ ಎತ್ತಲಿಲ್ಲ. ಅದು ಗಂಡಸರ ನಡುವಿನ ತಮಾಷೆ.

ಹೂಳಿ ಬಂದ ಮೇಲೆ ಊಟ. ಬಿಳಿ ಬಟ್ಟೆಯಲ್ಲಿ ಎಲ್ಲರೂ ಮೇಜಿನ ಸುತ್ತ. ಬಾಗಿಲಿಗೆ ಎದುರಾದ ಕುರ್ಚಿಗಾಗಿ ತೋಳು ಎಳೆದಾಟ ಆಯಿತು, ಹೆಚ್ಚು ಹೊತ್ತೇನಲ್ಲ. ಶೌಬೆನ್ ಕೂತ. ಬಟ್ಟಲು ಎತ್ತಿ, "ನಡುವಣ್ಣನಂಥ ಗಂಡಸು ನಮ್ಮಲ್ಲಿ ಇನ್ನು ಹುಟ್ಟಲ್ಲ" ಎಂದು ಭೋರೆಂದು ಅತ್ತ. ಸುಳ್ಳು ಅಳುವಲ್ಲ ಅದು. ನಮ್ಮ ಗಂಡಸರು ಹಾಗೇ, ತಾವೇ ಕೊಂದವನಿಗಾಗಿಯೂ ಮನಸಾರೆ ಅಳುತ್ತಾರೆ.

ಅಕ್ಕ ಬಾಟಲಿ ಹಿಡಿದು ಪರದೆ ದಾಟಿದಳು. ಕೆನ್ನೆಯ ಮೇಲಿನ ಗುರುತು ಹಳದಿಯಾಗಿತ್ತು.

"ಲೈಟರ್ ಕೊಡು ಶೌಬೆನ್."

ಅವನು ಕೊಟ್ಟ. ಅವಳು ಅವನ ಮುಂದೆ ಸಾರಿನ ಬೋಗುಣಿ ಇಟ್ಟು ತುಂಬಿಸಿದಳು. ಈ ಸಲ ಒಂದು ಹನಿಯೂ ಚೆಲ್ಲಲಿಲ್ಲ. ಹಚ್ಚಿದಳು.

"ಉರೀತಿದೆ, ನೋಡ್ಕೋ. ಇದು ನಿಮ್ಮಣ್ಣನ ಹೆಸರಲ್ಲಿ."

ಅವನು ಕುಡಿದ. ಅವಳು ಮತ್ತೆ ಸುರಿದಳು. "ಇದು ನನ್ನ ಹೆಸರಲ್ಲಿ."

"ಅತ್ತಿಗೆ, ಸಾಕು. ನನಗೆ ಹೊಟ್ಟೆ..." ಎಂದವನು ಅಲ್ಲೇ ನಿಲ್ಲಿಸಿದ. ಸುತ್ತ ನೋಡಿದ. ಎಲ್ಲರ ಕಣ್ಣೂ ಅವನ ಮೇಲೆ. "ಎತ್ತೋ, ಗಂಡನ್ನ ಮಣ್ಣು ಮಾಡಿ ಬಂದವಳು ಕೊಟ್ಟಿದ್ದು, ಬೇಡ ಅಂತಾರಾ?" ಎಂದ ಒಬ್ಬ. "ಯಜಮಾನನ ಕುರ್ಚಿ ಅದು" ಎಂದ ಇನ್ನೊಬ್ಬ. ಅವನು ಎತ್ತಿದ. ಅರ್ಧ ಗದ್ದದ ಮೇಲೆ ಇಳಿಯಿತು. ಅವಳು ಚೆಲ್ಲಿದಷ್ಟನ್ನೂ ಅಳತೆ ನೋಡಿ ಮತ್ತೆ ತುಂಬಿಸಿದಳು. ಗಂಡಸರು ಮೆಚ್ಚಿ ತಲೆದೂಗಿದರು. ನಡುವಣ್ಣನ ಹೆಂಡತಿ ಎಂದರೆ ಹೀಗಿರಬೇಕು ಎಂದರು.

"ತಂಗಿ, ಮೀನು ತಗೊಂಡು ಬಾ" ಎಂದು ನನ್ನನ್ನು ಕೂಗಿದಳು.

ತಂದು ಮೇಜಿನ ನಡುವೆ ಇಟ್ಟೆ. ಅಕ್ಕ ಬಗ್ಗಿ, ಎರಡು ಕೈಯಲ್ಲೂ ತಟ್ಟೆ ಹಿಡಿದು, ತಲೆಯನ್ನು ನಿಧಾನವಾಗಿ ಬಾಗಿಲಿಗೆ ಎದುರಾದ ಕುರ್ಚಿಯ ಕಡೆಗೆ ತಿರುಗಿಸಿದಳು.

"ಯಾರ ಕಡೆ ನೋಡ್ತಿದೆ ನೋಡು ಶೌಬೆನ್."